ಬೆರೆಯದ ಪ್ಲಾಸ್ಟಿಕ್ಕುಗಳನ್ನು ಬೆಸೆಯುವುದು ಹೇಗೆ?



ಗುಮ್ಮಳಾಪುರ, ತಳಿ, ಡೆಂಕಣಿಕೋಟೆ ಕಡೆಯ ತೋಟಗಳ ಬದುವಿನ ಮೇಲೆ ಈಗ ಒಂದು ಗುಡ್ಡೆ ಕಾಣುತ್ತದೆ. ಟೊಮೇಟೊ ಸಾಲಿಗೆ ಹಾಸಿ ಕಿತ್ತ ಮಲ್ಚಿಂಗ್ ಶೀಟು, ತೂತು ಬಿದ್ದ ಡ್ರಿಪ್ ಪೈಪು, ಗುಲಾಬಿ ಬೆಳೆಯುವ ಪಾಲಿಹೌಸಿನ ಹರಿದ ಹೊದಿಕೆ, ಗೊಬ್ಬರದ ಚೀಲ, ಒಡೆದ ಪಿವಿಸಿ ಪೈಪು, ನೀರಿನ ಬಾಟಲಿ. ಗುಜರಿಯವನು ಬಂದಾಗ ಎಲ್ಲವನ್ನೂ ಒಂದೇ ಮೂಟೆ ಕಟ್ಟಿ ತೂಗಿಸುತ್ತೇವೆ. ತಾಮ್ರವನ್ನೂ ಕಬ್ಬಿಣವನ್ನೂ ಒಂದೇ ದರಕ್ಕೆ ಕೊಡದ ನಾವು, ಪ್ಲಾಸ್ಟಿಕ್ ಎಂದರೆ ಎಲ್ಲವೂ ಒಂದೇ ಎಂದುಕೊಂಡುಬಿಟ್ಟಿದ್ದೇವೆ.

ಆ ಮೂಟೆಯನ್ನು ಹಾಗೆಯೇ ಕರಗಿಸಿ ಒಂದು ಬಿಂದಿಗೆ ಮಾಡಬಾರದೇ ಎಂದು ನೀವು ಕೇಳಬಹುದು. ಮಾಡಬಹುದು, ಆದರೆ ಅದು ಬಾಳುವುದಿಲ್ಲ.

ನಾನು ರಸಾಯನಶಾಸ್ತ್ರ ಓದಿದವನಲ್ಲ. ಮೆಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಸಾಲದ ಕಾಗದಗಳನ್ನು ನೋಡುತ್ತಿದ್ದ ದಿನಗಳಲ್ಲಿ ಒಬ್ಬ ಸಣ್ಣ ಉದ್ಯಮಿಯ ಪರಿಚಯವಾಗಿತ್ತು. ಅಗ್ಗಕ್ಕೆ ಸಿಕ್ಕಿದ ಬೆರಕೆ ಗುಜರಿಯಿಂದ ಬಕೆಟ್ಟು ಮಾಡುತ್ತಿದ್ದರು. ನೋಡಲು ಚೆನ್ನಾಗಿಯೇ ಇದ್ದ ಬಕೆಟ್ಟುಗಳು ಎರಡು ತಿಂಗಳಲ್ಲಿ ಸೀಳು ಬಿಟ್ಟವು, ಅಂಗಡಿಯವರು ಮಾಲು ಹಿಂದಕ್ಕೆ ಕಳಿಸಿದರು, ಕಂತು ನಿಂತಿತು. "ಸಾರ್, ಸಾಮಾನು ಒಳಗೇ ಒಂದಕ್ಕೊಂದು ಸೇರಿಲ್ಲ" ಎಂದು ಅವರು ಹೇಳಿದ ಮಾತು ನನ್ನ ತಲೆಯಲ್ಲಿ ಉಳಿಯಿತು. ಆಮೇಲೆ ಈ ವಿಷಯವನ್ನು ಓದುತ್ತಾ ಬಂದೆ.

ಪ್ಲಾಸ್ಟಿಕ್ಕಿನ ಅಣು ಸಾವಿರಾರು ಸಣ್ಣ ಕೊಂಡಿಗಳು ಸೇರಿದ ಉದ್ದನೆಯ ಸರಪಳಿ. ಇದನ್ನೇ ಪಾಲಿಮರ್ ಎನ್ನುತ್ತಾರೆ. ಬೇಟರಾಯಸ್ವಾಮಿ ತೇರಿನ ದಿನ ಡೆಂಕಣಿಕೋಟೆಗೆ ಎರಡು ಊರಿನ ಜನ ಬಂದರೆ, ಒಬ್ಬೊಬ್ಬರಾಗಿ ನಡೆಯುವಾಗ ಹೇಗೋ ಬೆರೆತುಹೋಗುತ್ತಾರೆ. ನೀರಿನಲ್ಲಿ ಸಕ್ಕರೆ ಕರಗುವುದು ಹೀಗೆ. ಆದರೆ ಒಂದೊಂದು ಊರಿನವರೂ ಸಾವಿರ ಜನ ಕೈಕೈ ಹಿಡಿದು ಸಾಲಾಗಿ ನಿಂತರೆ? ಬೆರೆಯುವ ಸ್ವಾತಂತ್ರ್ಯವೇ ಉಳಿಯುವುದಿಲ್ಲ. ಆಗ ಎರಡು ಸಾಲುಗಳ ನಡುವೆ ಸ್ವಲ್ಪ ಮುನಿಸಿದ್ದರೂ ಸಾಕು, ಬೇರೆಬೇರೆಯಾಗಿಯೇ ನಿಲ್ಲುತ್ತವೆ. 1940ರ ದಶಕದ ಆರಂಭದಲ್ಲಿ ಅಮೆರಿಕದ ಪಾಲ್ ಫ್ಲೋರಿ ಮತ್ತು ಮಾರಿಸ್ ಹಗ್ಗಿನ್ಸ್ ಎಂಬ ವಿಜ್ಞಾನಿಗಳು ಇದನ್ನು ಲೆಕ್ಕ ಹಾಕಿ ತೋರಿಸಿದರು. ಫ್ಲೋರಿ ಅವರಿಗೆ 1974ರಲ್ಲಿ ನೊಬೆಲ್ ಬಹುಮಾನ ಬಂದಿತು.

ಡ್ರಿಪ್ ಪೈಪಿನ ಪಾಲಿಥೀನ್ ಮತ್ತು ಗೊಬ್ಬರದ ಚೀಲದ ಪಾಲಿಪ್ರೊಪಿಲೀನ್, ಎರಡರಲ್ಲೂ ಇರುವುದು ಇಂಗಾಲ ಮತ್ತು ಜಲಜನಕ ಮಾತ್ರ. ಹಾಗಿದ್ದರೂ ಇವು ಸೇರುವುದಿಲ್ಲ. ಕರಗಿಸಿ ಕಲಸಿದರೆ ಒಂದು ಇನ್ನೊಂದರೊಳಗೆ ಹನಿಹನಿಯಾಗಿ ನಿಲ್ಲುತ್ತದೆ. ಆರಿದ ಮೇಲೆ ಆ ಹನಿಗಳಿಗೂ ಸುತ್ತಲಿನ ಗೋಡೆಗೂ ಹಿಡಿತವಿರುವುದಿಲ್ಲ. ಎಳೆತ ಬಿದ್ದೊಡನೆ ಬಿರುಕು ಆ ಗಡಿಯಲ್ಲೇ ಹುಟ್ಟುತ್ತದೆ.

ಇದಕ್ಕೆ ಮದ್ದು ಗಡಿಯಲ್ಲೇ ಇದೆ. ಗಡಿನಾಡಿನವರಾದ ನಮಗೆ ಇದು ಬೇಗ ಅರ್ಥವಾಗುತ್ತದೆ. ಸಂತೆಯಲ್ಲಿ ಕನ್ನಡ ಮಾತ್ರ ಬಲ್ಲ ರೈತ, ತಮಿಳು ಮಾತ್ರ ಬಲ್ಲ ವ್ಯಾಪಾರಿ. ನಡುವೆ ಎರಡೂ ಬಲ್ಲವನೊಬ್ಬ ನಿಂತರೆ ವ್ಯವಹಾರ ಕುದುರುತ್ತದೆ. ಹಾಗೆಯೇ ಅರ್ಧ ಭಾಗ ಒಂದು ಪ್ಲಾಸ್ಟಿಕ್ಕಿನಂತೆಯೂ ಇನ್ನರ್ಧ ಮತ್ತೊಂದರಂತೆಯೂ ಇರುವ ಸರಪಳಿಯನ್ನು ತಯಾರಿಸಿ ಸ್ವಲ್ಪ ಸೇರಿಸುತ್ತಾರೆ. ಅದು ಗಡಿಗೆ ಹೋಗಿ ನಿಂತು, ಒಂದು ಕೈ ಅತ್ತ, ಒಂದು ಕೈ ಇತ್ತ ಚಾಚುತ್ತದೆ. ಇದರಿಂದ ಎರಡು ಲಾಭ. ಸೋಪು ಹಾಕಿದ ನೀರಿನಲ್ಲಿ ಎಣ್ಣೆ ಸಣ್ಣ ಹನಿಗಳಾಗಿ ಉಳಿಯುವಂತೆ ಹನಿಗಳು ಚಿಕ್ಕದಾಗುತ್ತವೆ, ಮತ್ತೆ ಕೂಡಿ ದೊಡ್ಡದಾಗುವುದಿಲ್ಲ. ಎರಡನೆಯದು, ಗಡಿಯ ಆಚೆ ಈಚೆ ಹೊಲಿಗೆ ಬಿದ್ದಂತಾಗಿ ಹಿಡಿತ ಬರುತ್ತದೆ.

ಕೆಲವೊಮ್ಮೆ ಈ ಮಧ್ಯಸ್ಥ ಕಲಸುವಾಗಲೇ ಹುಟ್ಟುತ್ತಾನೆ. ನೈಲಾನ್ ಮತ್ತು ಪಾಲಿಪ್ರೊಪಿಲೀನ್ ಸೇರುವುದಿಲ್ಲ. ಆದರೆ ಮಲೇಯಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕವನ್ನು ಕಸಿ ಮಾಡಿದ ಪಾಲಿಪ್ರೊಪಿಲೀನನ್ನು ಸ್ವಲ್ಪ ಸೇರಿಸಿದರೆ, ಅದು ಬಿಸಿಯಲ್ಲಿ ನೈಲಾನ್ ಸರಪಳಿಯ ತುದಿಗೆ ಬೆಸೆದುಕೊಳ್ಳುತ್ತದೆ. ಹೆಲ್ಮೆಟ್ಟಿಗೂ ಸ್ಕೂಟರಿನ ಮುಚ್ಚಳಗಳಿಗೂ ಬಳಸುವ ಎಬಿಎಸ್ ಪ್ಲಾಸ್ಟಿಕ್ಕಿನಲ್ಲೂ ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ರಬ್ಬರಿನ ಕಣಗಳಿವೆ. ಕಣದ ಮೈಮೇಲೆ ಪ್ಲಾಸ್ಟಿಕ್ಕಿನ ಎಳೆಗಳನ್ನು ಕಸಿ ಮಾಡಿರುವುದರಿಂದಲೇ ಅದು ಪೆಟ್ಟು ತಡೆಯುತ್ತದೆ.

ಪಾಲಿಥೀನ್ ಮತ್ತು ಪಾಲಿಪ್ರೊಪಿಲೀನ್ ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾಗುವ ಪ್ಲಾಸ್ಟಿಕ್ಕುಗಳು. ಇವೆರಡರ ತುಂಡುಗಳನ್ನು ಒಂದಾದ ಮೇಲೊಂದರಂತೆ ಪೋಣಿಸಿದ ಸರಪಳಿಯನ್ನು 2017ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ಮಿನೆಸೋಟ ವಿಶ್ವವಿದ್ಯಾಲಯಗಳವರು ಪ್ರಕಟಿಸಿದರು. ನೂರಕ್ಕೆ ಐದು ಪಾಲು ಮೀರದಷ್ಟು ಸೇರಿಸಿದರೂ ಒಡೆಯುತ್ತಿದ್ದ ಬೆರಕೆ ಗಟ್ಟಿಯಾಯಿತು. ನಮ್ಮ ನೆರೆಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಪಾಲಿಮರ್ ಮಿಶ್ರಣಗಳ ಮೇಲೆ ಸಂಶೋಧನೆ ನಡೆದಿದೆ.

ಬೆಸೆಯುವ ಬದಲು ಉಪಾಯದಿಂದ ಬಳಸುವುದೂ ಉಂಟು. ಬಿಸಿ ಡಾಂಬರಿಗೆ ಪಾಲಿಥೀನ್ ಕಲಸಿಟ್ಟರೆ, ನಿಂತಲ್ಲೇ ಅದು ಬೇರೆಯಾಗಿ ಮೇಲೆ ತೇಲುತ್ತದೆ. ಮಧುರೆಯ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್ ಆರ್. ವಾಸುದೇವನ್ ಅವರು ಪ್ಲಾಸ್ಟಿಕ್ ಚೂರುಗಳನ್ನು ಮೊದಲು ಕಾದ ಜಲ್ಲಿಯ ಮೇಲೆ ಉದುರಿಸಿದರು. ಅದು ಕರಗಿ ಕಲ್ಲಿಗೆ ಲೇಪವಾಯಿತು, ಆಮೇಲೆ ಡಾಂಬರು ಹಾಕಿದರು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2013ರಲ್ಲಿ ಈ ಕ್ರಮಕ್ಕೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲೂ ಪಿವಿಸಿಗೆ ಜಾಗವಿಲ್ಲ.

ಪಿವಿಸಿಯನ್ನು ದೂರವಿಡಲು ಕಾರಣವಿದೆ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ ಕರಗಲು ಸುಮಾರು 250 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟು ಕಾವಿಗೆ ಪಿವಿಸಿ ಕೊಳೆತು ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ. ಚೂರು ಪಿವಿಸಿ ಸೇರಿದರೂ ಇಡೀ ಮಾಲು ಕೆಡುತ್ತದೆ, ಯಂತ್ರ ತುಕ್ಕು ಹಿಡಿಯುತ್ತದೆ, ಕೆಲಸಗಾರನ ಎದೆಗೂ ಕೇಡು.

ಮಧ್ಯಸ್ಥ ವಸ್ತುಗಳಿಗೆ ಬೆಲೆ ಇದೆ. ಒಂದು ಜೋಡಿಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ. ಆರು ಬಗೆ ಸೇರಿದ ನಮ್ಮ ಮೂಟೆಯನ್ನು ಸರಿಪಡಿಸುವ ಒಂದೇ ಮದ್ದು ಇಲ್ಲ. ಆದ್ದರಿಂದ ಬದುವಿನ ಮೇಲೆ ನಾವು ಮಾಡುವ ವಿಂಗಡಣೆಯೇ ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆ.

ಮಲ್ಚಿಂಗ್ ಶೀಟು ಮತ್ತು ಡ್ರಿಪ್ ಪೈಪು ಪಾಲಿಥೀನ್ ಜಾತಿ. ಮಣ್ಣು ಕೊಡವಿ ಒಂದು ಕಡೆ ಕಟ್ಟಿ. ಗೊಬ್ಬರದ ಚೀಲದೊಳಗಿನ ತೆಳು ಹಾಳೆಯನ್ನು ಎಳೆದು ಬೇರೆ ಇಡಿ. ಬಾಟಲಿಯ ಮುಚ್ಚಳ ಬಾಟಲಿಯ ಜಾತಿಯದಲ್ಲ, ಬಿಚ್ಚಿ ಹಾಕಿ. ಅನುಮಾನವಿದ್ದರೆ ಒಂದು ಚೂರನ್ನು ನೀರಿಗೆ ಹಾಕಿ. ಸಾಮಾನ್ಯವಾಗಿ ಪಾಲಿಥೀನ್, ಪಾಲಿಪ್ರೊಪಿಲೀನ್ ತೇಲುತ್ತವೆ. ಪಿವಿಸಿ, ಪೆಟ್ ಮುಳುಗುತ್ತವೆ. ವಸ್ತುವಿನ ತಳದಲ್ಲಿ ತ್ರಿಕೋನದೊಳಗೆ ಅಂಕಿ ಇದ್ದರೆ ಇನ್ನೂ ಸುಲಭ: 1 ಪೆಟ್, 2 ಮತ್ತು 4 ಪಾಲಿಥೀನ್, 3 ಪಿವಿಸಿ, 5 ಪಾಲಿಪ್ರೊಪಿಲೀನ್. ಯಾವುದನ್ನೂ ಸುಡಬೇಡಿ.

ಗುಜರಿಯಿಂದ ಸಾಮಾನು ಮಾಡುವ ಘಟಕ ಹಾಕಬೇಕೆಂದಿರುವ ಯುವಕರು ಯಂತ್ರದ ಸಾಲಕ್ಕೆ ಅರ್ಜಿ ಬರೆಯುವ ಮೊದಲು, ತಮ್ಮ ಮಾಲಿನ ಮಾದರಿಯನ್ನು ಮೈಸೂರಿನಲ್ಲೋ ಚೆನ್ನೈಯಲ್ಲೋ ಇರುವ ಸಿಪೆಟ್ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಲಿ. ಅದರ ಖರ್ಚು ನಿಂತುಹೋದ ಒಂದು ಕಂತಿನ ಬಡ್ಡಿಗಿಂತ ದೊಡ್ಡದೇನಲ್ಲ.