ಬರಿಗೈಯಲ್ಲಿ ಹೊಲಕ್ಕೆ ಹೋಗೋಣ

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಇಂದು ನಾನು ಗೊಬ್ಬರದ ಪ್ರಮಾಣವನ್ನಾಗಲಿ, ತಳಿಗಳ ಹೆಸರನ್ನಾಗಲಿ ಹೇಳಲು ನಿಂತಿಲ್ಲ. ಕೆಲಸವಿಲ್ಲದ ಹೊತ್ತಿನಲ್ಲಿ ಹೊಲಕ್ಕೆ ಹೋಗಿ ಸುಮ್ಮನೆ ಕೂರುವುದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ನಾನು ರಾಗಿ ಬೆಳೆಯುವ ಕೆಮ್ಮಣ್ಣಿನ ಸೀಮೆಯವನು. ನಮ್ಮ ತಂದೆಯವರು ದಿನವೂ ಹೊತ್ತು ಮೂಡುವ ಮುನ್ನ ಹೊಲಕ್ಕೆ ಹೋಗುತ್ತಿದ್ದರು. ಆಗ ಅವರ ಕೈಯಲ್ಲಿ ಗುದ್ದಲಿಯೂ ಇರುತ್ತಿರಲಿಲ್ಲ, ಕುಡುಗೋಲೂ ಇರುತ್ತಿರಲಿಲ್ಲ. ಬದುವಿನ ಮೇಲೆ ಒಂದು ಸುತ್ತು ಬಂದು, ಹೊಂಗೆ ಮರದ ಕೆಳಗೆ ಸ್ವಲ್ಪ ಹೊತ್ತು ಕೂರುತ್ತಿದ್ದರು. ರಾಗಿಯ ನಡುವಿನ ಅಕ್ಕಡಿ ಸಾಲುಗಳನ್ನು ನೋಡಿ, "ಹೊತ್ತು ಬೇಗ ಮುಳುಗ್ತಿದೆ ಕಣಪ್ಪ, ಇನ್ನು ಅವರೆ ಹೂವಿಗೆ ಬರುತ್ತೆ" ಎನ್ನುತ್ತಿದ್ದರು. ಹಗಲಿನ ಅವಧಿ ಕಡಿಮೆಯಾದಾಗಲೇ ನಾಟಿ ಅವರೆ ಹೂ ಬಿಡುತ್ತದೆ ಎಂಬುದನ್ನು ನಾನು ಕಾಲೇಜಿನಲ್ಲಿ ಓದಿದ್ದು ಎಷ್ಟೋ ವರ್ಷಗಳ ತರುವಾಯ. ಅವರಿಗೆ ಅದು ಬದುವಿನ ಮೇಲೆ ಕುಳಿತೇ ತಿಳಿದಿತ್ತು.

ನಾನು ಡಾಕ್ಟರೇಟ್ ಪಡೆದು ಪಾಠ ಹೇಳತೊಡಗಿದೆ. ಹೊಲಕ್ಕೆ ಹೋಗುವುದು ನಿಲ್ಲಲಿಲ್ಲ. ಆದರೆ ಹೋದಾಗಲೆಲ್ಲ ಕೈಯಲ್ಲಿ ಅಳತೆಪಟ್ಟಿ, ಟಿಪ್ಪಣಿ ಪುಸ್ತಕ. ಅಳತೆ ಮುಗಿದೊಡನೆ ಜೀಪು ಹತ್ತುತ್ತಿದ್ದೆ. ಬಾಲ್ಯದಲ್ಲಿ ಮನೆಯಂತಿದ್ದ ಹೊಲ ಈಗ ಬರಿಯ ಕೆಲಸದ ಜಾಗವಾಯಿತು. ಇದರ ಫಲವನ್ನು ಒಬ್ಬ ರೈತರು ಅನುಭವಿಸಬೇಕಾಯಿತು.

ಒಂದು ಚಳಿಗಾಲ ಅವರು ಕಪ್ಪು ಹೇನು ಮುತ್ತಿದ ಅವರೆ ಕುಡಿಯೊಂದನ್ನು ನನ್ನ ಕೊಠಡಿಗೆ ತಂದರು. ನಾನು ಕುರ್ಚಿಯಿಂದ ಏಳದೆಯೇ ಕೀಟನಾಶಕದ ಹೆಸರು ಬರೆದುಕೊಟ್ಟೆ. ಕೆಲವು ದಿನಗಳ ಮೇಲೆ ಅವರ ಹೊಲಕ್ಕೆ ಹೋದಾಗ ಹೇನು ಸತ್ತಿತ್ತು. ಜೊತೆಗೆ, ಕಿತ್ತಳೆ ಬಣ್ಣದ ಚುಕ್ಕೆಗಳುಳ್ಳ, ಪುಟ್ಟ ಮೊಸಳೆಯಂಥ ಹುಳುಗಳೂ ಗಿಡದ ಬುಡದಲ್ಲಿ ಸತ್ತು ಬಿದ್ದಿದ್ದವು.

"ಇವು ಹೇನು ತಿನ್ನೋದನ್ನ ನಾನು ನೋಡಿದ್ದೆ ಸ್ವಾಮಿ. ಓದಿದೋರು ತಾವು ಹೇಳಿದ್ರಲ್ಲ ಅಂತ ಔಷಧಿ ಹೊಡೆದೆ" ಎಂದರು.

ಅವು ಗುಲಗಂಜಿ ಹುಳುವಿನ ಮರಿಗಳು. ಒಂದೊಂದು ಮರಿಯೂ ಬೆಳೆದು ದೊಡ್ಡದಾಗುವಷ್ಟರಲ್ಲಿ ನೂರಾರು ಹೇನುಗಳನ್ನು ತಿನ್ನುತ್ತದೆ. ಪರೀಕ್ಷೆಯಲ್ಲಿ ಆ ಹುಳುವಿನ ಚಿತ್ರ ಬರೆದು ಅಂಕ ಪಡೆದವನು ನಾನು. ಅದನ್ನು ಹೊಲದಲ್ಲಿ ಕಂಡವರು ಅವರು. ಹೇನು ಮತ್ತೆ ಬಂತು. ತಿನ್ನುವ ಹುಳು ಬರಲಿಲ್ಲ. ಎರಡನೆಯ ಸಲದ ಔಷಧಿಯ ಖರ್ಚೂ ಅವರ ಮೇಲೆಯೇ ಬಿತ್ತು.

ಅಂದಿನಿಂದ ರಜೆ ಬಂದಾಗಲೆಲ್ಲ ಊರಿಗೆ ಹೋಗಿ ಅದೇ ಹೊಂಗೆಯ ಕೆಳಗೆ ಕೂರುತ್ತೇನೆ. ತಂದೆಯವರು ಈಗಿಲ್ಲ. ಮೊದಮೊದಲು ಹತ್ತು ನಿಮಿಷಕ್ಕೇ ಕೈ ಗಡಿಯಾರ ನೋಡುತ್ತಿದ್ದೆ. ಬರಬರುತ್ತ ಕಣ್ಣು ಪಳಗಿತು. ಕಾಜಾಣ ಕವಲು ಕೋಲಿನ ಮೇಲೆ ಕುಳಿತು, ಹಾರಿ ಹುಳು ಹಿಡಿದು, ಮತ್ತೆ ಅಲ್ಲಿಗೇ ಬರುವುದು ಕಂಡಿತು. ನೇಗಿಲಿನ ಹಿಂದೆ ಬೆಳ್ಳಕ್ಕಿಗಳು ಗೊಣ್ಣೆಹುಳು ಹೆಕ್ಕುವುದು ಕಂಡಿತು. ನಡುಹಗಲಲ್ಲಿ ಸುರುಳಿಯಾದ ರಾಗಿ ಎಲೆ ಸಂಜೆಗೆ ಬಿಚ್ಚಿಕೊಂಡರೆ ಅಷ್ಟು ಭಯವಿಲ್ಲ, ಬೆಳಗಾದರೂ ಬಿಚ್ಚದಿದ್ದರೆ ಭೂಮಿಯಲ್ಲಿ ತೇವ ಸಾಲದು ಎಂಬುದು ಪುಸ್ತಕವಿಲ್ಲದೆಯೇ ನೆನಪಿಗೆ ಬಂತು. ಇದರ ಜೊತೆಗೆ ಮನಸ್ಸಿಗೆ ಒಂದು ನೆಮ್ಮದಿ. ಮನೆಗೆ ಹಿಂತಿರುಗಿದಂತೆ ಅನ್ನಿಸುತ್ತದೆ.

ಔಷಧಿಯೇ ಬೇಡವೆಂದು ನಾನು ಹೇಳುತ್ತಿಲ್ಲ. ನೋಡದೆ ಹೊಡೆಯುವುದು ಬೇಡ. ದಿನಕ್ಕೆ ಅರ್ಧ ಗಂಟೆ ಬರಿಗೈಯಲ್ಲಿ ಹೊಲಕ್ಕೆ ಹೋಗಿ. ಅಲ್ಲೊಂದು ಇಲ್ಲೊಂದರಂತೆ ಹತ್ತು ಗಿಡಗಳ ಎಲೆ ಮಗುಚಿ ನೋಡಿ. ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಮಕ್ಕಳನ್ನೂ ಕರೆದೊಯ್ಯಿರಿ, ಹೊಲದಲ್ಲಿ ಕೂತು ಅಭ್ಯಾಸವಿಲ್ಲದ ಮಗುವಿಗೆ ಮುಂದೆ ಹೊಲ ಪರಸ್ಥಳವಾಗುತ್ತದೆ.

ಕೊನೆಯದಾಗಿ ಒಂದು ಮಾತು. ಇನ್ನು ಮುಂದೆ ನೀವು ರೋಗದ ಕುಡಿ ಹಿಡಿದು ನಮ್ಮ ಕೊಠಡಿಗೆ ಬಂದಾಗ, ನಾವು ಕುಳಿತಲ್ಲೇ ಚೀಟಿ ಬರೆದರೆ ತೆಗೆದುಕೊಳ್ಳಬೇಡಿ. "ಹೊಲಕ್ಕೆ ಬನ್ನಿ" ಎಂದು ಕರೆಯಿರಿ. ನಾನಂತೂ ಬರುತ್ತೇನೆ.