ಉಯಿಲಿನಲ್ಲಿ ನೀರಿನ ಪಾಲೂ ಇರಲಿ

ಯಜಮಾನ ತೀರಿಕೊಂಡ ಮೇಲೆ ಹೊಲ ಹಂಚಿಕೊಂಡ ಮಕ್ಕಳೂ ಕೊಳವೆಬಾವಿ ನೀರಿಗೆ ಜಗಳ ಕಾಯ್ತಾರೆ. ಶಿಡ್ಲಘಟ್ಟ, ಚಿಂತಾಮಣಿ ಕಡೆ ನೀರಿಲ್ಲದ ಪಾಲಿಗೆ ಬೆಲೆಯೇನು? ಹಿಪ್ಪುನೇರಳೆ ಒಣಗಿದರೆ ಹುಳುವಿಗೆ ಸೊಪ್ಪೆಲ್ಲಿ? ಸಾವಿನ ಮಾತು ಈಗ್ಯಾಕೆ ಅನ್ನಬೇಡಿ, ಉಯಿಲು ಬರೆದಿಡಿ.

ಮೊದಲು ಪಹಣಿ ತೆಗೆಸಿ, ಸ್ವಯಾರ್ಜಿತ ಯಾವುದು, ಪಿತ್ರಾರ್ಜಿತ ಯಾವುದು ನೋಡಿಕೊಳ್ಳಿ. ಪಿತ್ರಾರ್ಜಿತದಲ್ಲಿ ನಿಮ್ಮ ಪಾಲಿಗಷ್ಟೇ ಉಯಿಲು ನಡೆಯುತ್ತದೆ. ಹಿಂದೂ ಕುಟುಂಬಗಳಲ್ಲಿ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಅದರಲ್ಲಿ ಸಮಪಾಲುಂಟು, ಮರೀಬೇಡಿ. ಸರ್ವೆ ನಂಬರು, ಚಕ್ಕುಬಂದಿ, ಯಾರಿಗೆ ಯಾವ ದಿನ ನೀರು, ಹೆಂಡತಿಯ ಜೀವನಕ್ಕೇನು, ಎಲ್ಲ ಬರೆಯಿರಿ.

ಛಾಪಾ ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ಇಬ್ಬರು ಸಾಕ್ಷಿಗಳ ಎದುರಿಗೆ ರುಜು ಹಾಕಿ, ಅವರಿಂದಲೂ ಹಾಕಿಸಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೇದು. ಹಾಳೆ ಎಲ್ಲಿಟ್ಟಿದ್ದೀರೆಂದು ಮನೇಲಿ ಒಬ್ಬರಿಗಾದರೂ ಹೇಳಿ.