ಮನೆಯಂಗಳಕ್ಕೆ ಕಣಗಿಲೆಯೋ, ದಾಸವಾಳವೋ?



ನಾಯಕನಹಟ್ಟಿ ಹೋಬಳಿ ಸೇರಿದ ಚಳ್ಳಕೆರೆ ತಾಲ್ಲೂಕು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಇಲ್ಲಿನ ಅಂಗಳದಲ್ಲಿ ವರ್ಷವಿಡೀ ಹಸಿರಾಗಿದ್ದು ಪೂಜೆಗೆ ಹೂ ಕೊಡಬಲ್ಲ ಗಿಡಗಳು ಕಣಗಿಲೆ ಮತ್ತು ದಾಸವಾಳ. ಎರಡನ್ನೂ ಮಳೆಗಾಲದಲ್ಲಿ ಗೇಣುದ್ದದ ಬಲಿತ ಕಡ್ಡಿ ನೆಟ್ಟು ಬೆಳೆಸಬಹುದು.

ಬೇರೂರಿದ ಕಣಗಿಲೆ ಬರವನ್ನೂ ಸುಣ್ಣದ ಮಣ್ಣನ್ನೂ ತಾಳುತ್ತದೆ. ದಾಸವಾಳಕ್ಕೆ ಬೇಸಿಗೆಯಲ್ಲಿ ನೀರು ಬೇಕು; ಹಿಟ್ಟು ತಿಗಣೆಯ ಕಾಟವೂ ಉಂಟು. ಅಕ್ಕಿ, ತರಕಾರಿ ತೊಳೆದ ನೀರನ್ನು ಅದರ ಬುಡಕ್ಕೆ ಹಾಕಬಹುದು.

ಆದರೆ ಕಣಗಿಲೆಯ ಎಲೆ, ಕಡ್ಡಿ, ಹೂ ಎಲ್ಲವೂ ವಿಷ. ಹೃದಯದ ಬಡಿತವನ್ನೇ ಕೆಡಿಸುತ್ತವೆ. ಹಸಿ ಎಲೆಯನ್ನು ಕಹಿಯೆಂದು ಬಿಡುವ ಕುರಿ ಮೇಕೆಗಳು, ಸವರಿದ ಸೊಪ್ಪು ಒಣಗಿ ಮೇವಿನಲ್ಲಿ ಬೆರೆತರೆ ತಿಂದುಬಿಡಬಹುದು. ಒಣಗಿದರೂ ವಿಷ ಇಳಿಯದು.

ಆದ್ದರಿಂದ ಕುರಿ, ಮಕ್ಕಳಿರುವ ಮನೆಗೆ ದಾಸವಾಳವೇ ಲೇಸು. ಕಣಗಿಲೆ ಇದ್ದರೆ ಸವರಿದ್ದನ್ನು ಸುಡದೆ ಆಳವಾಗಿ ಹೂಳಿರಿ. ಜಾನುವಾರು ತಿಂದ ಅನುಮಾನ ಬಂದರೆ ತಡಮಾಡದೆ ಪಶುವೈದ್ಯರನ್ನು ಕರೆಸಿರಿ.